ನೀಲಿ ಬಳಿದ ಸತುವಿನ ತುಂಡು

“ಕೇಳಿರಪ್ಪೋ ಕೇಳಿರಿ. ನಡುಸಮುದ್ರದಲ್ಲಿ ಉಸಿರು ಬಿಟ್ಟ ಅರಮನೆ ಬೋಟಿನ ಬಗ್ಗೆ ರಾಜಕುಮಾರಿ ಮುಕ್ತಾಂಬೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೋಟೂ ಸಿಗುತ್ತದೆ, ಬಂದರಿನ ಯಜಮಾನಿಕೆಯೂ ಸಿಗುತ್ತದೆ. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಿಗ್ಗೆ ತಲೆ ಹೋಗುತ್ತದೆ.”

ಶಂಖದಿಬ್ಬದ ಏಳು ಕೊಲ್ಲಿಗಳಲ್ಲೂ ಈ ಡಂಗುರ ಸಾರಿದಾಗ ನಾನು ಅರಮನೆ ಬೋಟಿನ ತಾಂಡೇಲ. ಬೋಟು ನಡೆಸುವವನೂ ನಾನೇ, ಅದರ ಇಂಜಿನ್ ನೋಡಿಕೊಳ್ಳುವವನೂ ನಾನೇ. ಹೊನ್ನಪ್ಪ ತಾಂಡೇಲ ಬಂದನೆಂದರೆ ತಿಮಿಂಗಿಲವೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಬೋಟು ಎಷ್ಟು ಜೋರಾಗಿ ಓಡುತ್ತಿತ್ತೆಂದರೆ, ಬೆಳಿಗ್ಗೆ ನಾವು ದಡ ಸೇರಿದರೆ ಅದರ ನೆರಳು ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಸೇರುತ್ತಿತ್ತು. ಇದನ್ನು ನಂಬದಿದ್ದರೆ ಬಿಡಿ. ಮುಂದಿನದನ್ನು ಮಾತ್ರ ನಂಬಿ, ಅದರಲ್ಲಿ ನನ್ನ ಮರ್ಯಾದೆ ಹೋಗುವುದೇ ಹೊರತು ಬರುವುದೇನೂ ಇಲ್ಲ.

ಅಂಥ ಬೋಟು ರಾಜಕುಮಾರಿಯನ್ನು ಹೊತ್ತು ಹೊರಟಿದ್ದಾಗ ಇಂಜಿನ್ ಕುದಿದು ನಿಂತುಬಿಟ್ಟಿತು. ನಾಲ್ಕು ದಿನ ತೇಲಿದೆವು. ಕುಡಿಯುವ ನೀರು ಮುಗಿದು ಅವರ ತುಟಿ ಒಡೆದು ರಕ್ತ ಬಂತು. ದಡ ಮುಟ್ಟಿದ ಮೇಲೆ ಅರಸರು ಯಾಕೆ ಹೀಗಾಯಿತು ಎಂದು ಕೇಳಿದರೆ “ಸಮುದ್ರರಾಜನ ಮುನಿಸು, ಪ್ರಭು” ಎಂದೆ. ರಾಜಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಂಜಿನ್ ಕೋಣೆಗೆ ಇಳಿದು ಇಡೀ ದಿನ ಅಲ್ಲೇ ಕೂತರು. ಮರುದಿನವೇ ಡಂಗುರ.

ಮೊದಲು ಬಂದವರು ಆಸ್ಥಾನದ ಪಂಡಿತರು. ನಾನು ರಾಜಕುಮಾರಿಯ ಹಿಂದೆ ಛತ್ರಿ ಹಿಡಿದು ನಿಂತಿದ್ದೆ.

“ಬೆಳಗಿನಿಂದ ಸಂಜೆಯವರೆಗೆ ಸಮುದ್ರ ಕುಡಿಯುತ್ತಾನೆ, ಹೊಟ್ಟೆಯಲ್ಲಿ ಒಂದು ಹನಿಯನ್ನೂ ಇಟ್ಟುಕೊಳ್ಳುವುದಿಲ್ಲ. ಕುಡಿಯುವುದನ್ನು ಬಿಟ್ಟರೆ ಬೆಂದು ಸಾಯುತ್ತಾನೆ. ಯಾರು?” ಎಂದರು ರಾಜಕುಮಾರಿ.

“ಅಗಸ್ತ್ಯ ಮುನಿ.”

“ಅವರು ಕುಡಿದು ಅರಗಿಸಿಕೊಂಡವರು ಪಂಡಿತರೇ, ಉಗುಳಿದವರಲ್ಲ.”

ಪಂಡಿತರನ್ನು ಸೆರೆಗೆ ಒಯ್ದರು. ಎರಡನೆಯವನು ಪಕ್ಕದ ರಾಜ್ಯದ ಸೇನಾಪತಿ, ಬೋಟು ಬಲ್ಲವನು. ಮೊದಲನೆಯದನ್ನು ಬಿಡಿಸಿದ, ಎರಡನೆಯದಕ್ಕೆ ಸಿಕ್ಕಿಬಿದ್ದ.

“ಮನೆಯೊಳಗೆ ಒಬ್ಬ ಆಳಿದ್ದಾನೆ. ದಿನವೂ ವೈರಿ ಅವನನ್ನು ತಿನ್ನುತ್ತಾನೆ, ಮನೆ ಉಳಿಯುತ್ತದೆ. ಆಳು ದುಂಡಗೆ ಉಳಿದರೆ ಮನೆ ತೂತಾಗುತ್ತದೆ. ಯಾರು?”

“ಮೇಣದ ಬತ್ತಿ,” ಎಂದ ಸೇನಾಪತಿ.

ಅವನನ್ನೂ ಒಯ್ದರು. ಉತ್ತರ ನನಗೆ ಗೊತ್ತಿತ್ತು. ಛತ್ರಿಯ ಕೋಲು ಅಂಗೈಯ ಬೆವರಿಗೆ ಜಾರುತ್ತಿತ್ತು.

ಅಮಾವಾಸ್ಯೆಗೆ ಒಂದು ದಿನ ಉಳಿದಾಗ ಜಟ್ಟಿ ಬಂದ. ಹೆಸರಷ್ಟೇ ಜಟ್ಟಿ, ಆಳು ಒಣ ಸೀಗಡಿಯಂತಿದ್ದ. ಬೋಟುಗಳ ತಳಕ್ಕೆ ಹತ್ತಿದ ಚಿಪ್ಪು ಕೆರೆದು, ಇಂಜಿನ್ನಿಗೆ ನೀರು ಹೋಗುವ ದಾರಿ ಶುಚಿ ಮಾಡಿ ಬದುಕುವವನು.

“ಏನೋ ಜಟ್ಟಿ, ತಲೆ ಭಾರವಾಯಿತಾ?” ಎಂದೆ. ಸಭೆ ನಕ್ಕಿತು.

“ಇಲ್ಲ ತಾಂಡೇಲರೇ. ನಾಳೆ ಇಬ್ಬರ ತಲೆ ಹೋಗ್ತದಂತೆ. ಗೊತ್ತಿದ್ದೂ ಸುಮ್ಮನಿರೋಕೆ ಆಗಲಿಲ್ಲ.”

ಆ ಮಾತು ಅವನು ತನ್ನ ಬಗ್ಗೆ ಹೇಳಿದ್ದು. ನನ್ನ ಮುಖ ಕಾದುಹೋಯಿತು.

ಮೊದಲ ಒಗಟಿಗೆ ಅವನೆಂದ: “ಇಂಜಿನ್ನು, ಒಡತಿ. ಪಂಪು ಸಮುದ್ರದ ನೀರು ಎಳೀತದೆ. ಆ ನೀರು ಕೂಲರ್ ಪೆಟ್ಟಿಗೆಯ ಕೊಳವೆಗಳಲ್ಲಿ ಹರಿದು, ಇಂಜಿನ್ನಿನ ಬಿಸಿ ಹೊತ್ತುಕೊಂಡು ಹೊರಗೆ ಬೀಳ್ತದೆ. ಅದಕ್ಕೇ ನೀರು ಒಳಬರುವ ಬಾಯಿಯ ಜಾಲರಿ ಬಿಚ್ಚಿ ಪಾಚಿ ತೆಗೀಬೇಕು, ಸಿಹಿನೀರು ಹಾಯಿಸಿ ಉಪ್ಪು ತೊಳೀಬೇಕು.”

“ಎರಡನೆಯದು?”

“ಕೂಲರ್ ಒಳಗೆ ತಿರುಪಿ ಕೂರಿಸುವ ಸತುವಿನ ತುಂಡು. ಉಪ್ಪುನೀರು ಮೊದಲು ಅದನ್ನ ತಿಂತದೆ, ಕೊಳವೆ ಮುಟ್ಟೋದಿಲ್ಲ. ಸವೆದಷ್ಟೂ ಒಳ್ಳೇದು. ಸವೆದ ಮೇಲೆ ಬೇರೆ ಹಾಕಬೇಕು.”

ರಾಜಕುಮಾರಿ ತಲೆಯಾಡಿಸಿದರು. “ಮೂರನೆಯದು. ದಾರವಿಲ್ಲ, ಹೊಲಿಗೆಯಿಲ್ಲ, ಹೊಗಳಿಕೆಯ ಆಸೆಗೆ ಆ ಆಳಿಗೆ ಒಂದು ಬಟ್ಟೆ ಹೊದಿಸಿದರು. ಅವತ್ತಿನಿಂದ ಅವನು ಕೆಲಸಕ್ಕೆ ಬಾರದವನಾದ. ಬಟ್ಟೆ ಯಾವುದು? ಹೊದಿಸಿದವರು ಯಾರು?”

“ಬಟ್ಟೆ ಬಣ್ಣ, ಒಡತಿ. ನೀಲಿ ಬಣ್ಣ. ಬಣ್ಣ ಬಳಿದರೆ ನೀರು ಸತುವನ್ನು ಮುಟ್ಟೋದಿಲ್ಲ, ಕೊಳವೆಯನ್ನೇ ತಿಂತದೆ. ಕೊಳವೆ ತೂತಾದರೆ ಇಂಜಿನ್ನು ಕುದೀತದೆ.”

“ಬಳಿದವರು?”

ಜಟ್ಟಿ ನೆಲ ನೋಡಿದ.

ಬಳಿದವನು ನಾನು. ಅರಸರು ಬೋಟು ನೋಡಲು ಬರುತ್ತಾರೆಂದು ಕಂಡದ್ದಕ್ಕೆಲ್ಲ, ಕೂಲರಿಗೆ ಕೂರಿಸಬೇಕಿದ್ದ ಹೊಸ ಸತುವಿನ ತುಂಡಿಗೂ, ನೀಲಿ ಬಳಿದಿದ್ದೆ. ಎರಡು ವರ್ಷದ ಮೇಲೆ ಅವರೆದುರು ಆ ತುಂಡು ಬಿಚ್ಚಿ, “ನನ್ನ ಕೈಯಲ್ಲಿ ಸತುವೂ ಸವೆಯುವುದಿಲ್ಲ, ಪ್ರಭು” ಎಂದು ಶಾಲು ಹೊದಿಸಿಕೊಂಡಿದ್ದೆ. ಬಣ್ಣ ಕೆರೆಯೋಣ ಎಂದು ಜಟ್ಟಿ ಅವತ್ತೇ ಬಂದು ಬೇಡಿದ್ದ. “ಚಿಪ್ಪು ಕೆರೆಯೋನು ನನಗೆ ಇಂಜಿನ್ ಕಲಿಸ್ತೀಯಾ?” ಎಂದು ಹತ್ತು ಜನರೆದುರು ಕತ್ತು ಹಿಡಿದು ದಬ್ಬಿದ್ದೆ.

“ಹೆಸರು ಹೇಳದಿದ್ದರೆ ಉತ್ತರ ಅರ್ಧ,” ಎಂದರು ರಾಜಕುಮಾರಿ. “ಅರ್ಧ ಉತ್ತರಕ್ಕೂ ಪೂರ್ತಿ ತಲೆ.”

“ಇಬ್ಬರನ್ನು ಉಳಿಸೋಕೆ ಬಂದವನು ಮೂರನೆಯವರ ತಲೆ ಕೊಟ್ಟು ಹೋಗಲಾ, ಒಡತಿ? ನನ್ನದೇ ತೆಗೆದುಕೊಳ್ಳಿ.”

ಸಭೆಯಲ್ಲಿ ಯಾರೂ ನಗಲಿಲ್ಲ. ಅಲೆಗೇ ಗದರಿಸಿ ಹಿಂದೆ ಕಳಿಸಿದ ಗಂಟಲು ನನ್ನದು. ಅವತ್ತು ಅದರಿಂದ ಬಂದದ್ದು ಏಡಿಮರಿಯಷ್ಟು ದನಿ.

“ಬಳಿದವನು ನಾನು.”

ಛತ್ರಿ ಕೈಜಾರಿ ಬಿತ್ತು. ರಾಜಕುಮಾರಿ ನನ್ನತ್ತ ತಿರುಗಿದರು. ಅವರ ತುಟಿಯ ಬಿರುಕು ಇನ್ನೂ ವಾಸಿಯಾಗಿರಲಿಲ್ಲ.

“ನೀವು ಅಪ್ಪಾಜಿಗೆ ಆ ತುಂಡು ತೋರಿಸಿದಾಗ ನಾನೂ ಅಲ್ಲಿದ್ದೆ, ತಾಂಡೇಲರೇ. ಮೂರನೆಯ ಒಗಟು ಹಾಕಿದ್ದು ನಿಮಗೆ. ಇಷ್ಟು ದಿನ ನನ್ನ ಬೆನ್ನ ಹಿಂದೆಯೇ ನಿಂತಿದ್ದಿರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಉತ್ತರ ಪೂರ್ತಿಯಾಯಿತೆಂದು ಬೋಟೂ ಬಂದರಿನ ಯಜಮಾನಿಕೆಯೂ ಜಟ್ಟಿಯ ಪಾಲಿಗೆ ಬಂದವು. ಅವನು ರಾಜಕುಮಾರಿಯನ್ನು ಬೇಡಿ ಸೆರೆಯಲ್ಲಿದ್ದ ಇಬ್ಬರನ್ನು ಬಿಡಿಸಿಕೊಂಡ. ಆಮೇಲೆ ತಲೆ ಕೆರೆದುಕೊಳ್ಳುತ್ತ, “ತಾಂಡೇಲರ ತಲೆಯೂ ಇರಲಿ ಒಡತಿ, ನನಗೊಬ್ಬರು ಜೊತೆಯಾಳು ಬೇಕು” ಎಂದ. ರಾಜಕುಮಾರಿ ಒಪ್ಪಿದರು. ಆ ನೀಲಿ ತುಂಡನ್ನು ನನ್ನ ಕೈಗಿಟ್ಟರು. ಅದು ಈಗಲೂ ನನ್ನ ಮನೆಯ ಗೋಡೆಗೂಡಿನಲ್ಲಿದೆ, ದುಂಡಗೆ, ಹೊಚ್ಚ ಹೊಸದರಂತೆ.

ಅಂದಿನಿಂದ ಬೋಟು ದಡ ಸೇರಿದ ಕೂಡಲೇ ಜಾಲರಿ ಬಿಚ್ಚುವವನು ನಾನು, ಸಿಹಿನೀರು ಹಾಯಿಸುವವನು ನಾನು. ಸತುವು ಸವೆದು ಹುಣಸೆಬೀಜದಷ್ಟಾದಾಗ ತೆಗೆದು ಜಟ್ಟಿಯ ಅಂಗೈಗೆ ಇಡುತ್ತೇನೆ. ಅವನು ತಿರುಗಿಸಿ ನೋಡಿ, “ಒಳ್ಳೇ ಕೆಲಸ ಆಗಿದೆ” ಎನ್ನುತ್ತಾನೆ. ಹೇಳಿದ್ದು ಸತುವಿಗೋ ನನಗೋ ಎಂದು ಕೇಳಲು ಈವರೆಗೂ ನನಗೆ ಬಾಯಿ ಬಂದಿಲ್ಲ.