ಕಾವಲಿಗೆ ಕೊಟ್ಟ ಮೊಟ್ಟೆ

ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂತ ಕೋಳಿಗೆ ಮುಂಗುಸಿಯ ಭಯವಿತ್ತು. ಅದು ಅಂಗಳದ ನಾಯಿಯನ್ನು ಕಾವಲಿಗೆ ಕರೆಯಿತು.

"ಕಾಯುತ್ತೇನೆ ಅಕ್ಕಾ. ಆದರೆ ಬರೀ ತಂಗಳುಮುದ್ದೆ ತಿಂದು ಬೊಗಳಿದರೆ ಮುಂಗುಸಿ ನಗುತ್ತದೆ. ದಿನಕ್ಕೊಂದು ಮೊಟ್ಟೆ ಕೊಡು," ಎಂದಿತು ನಾಯಿ.

ಉಳಿದವಾದರೂ ಬದುಕಲಿ ಎಂದು ಕೋಳಿ ದಿನವೂ ಒಂದನ್ನು ಬುಟ್ಟಿಯಿಂದ ಹೊರಗೆ ಉರುಳಿಸಿತು. ನಾಯಿಯ ಮೈ ಮಿರಮಿರ ಮಿಂಚಿತು, ದನಿ ದಪ್ಪವಾಯಿತು. ಮುಂಗುಸಿ ಬೇಲಿಯ ಆಚೆಯೇ ಉಳಿಯಿತು.

ಒಂದೇ ಮೊಟ್ಟೆ ಉಳಿದ ದಿನ ಕೋಳಿ ಅದರ ಮೇಲೆ ರೆಕ್ಕೆ ಹರಡಿತು. "ತಮ್ಮಾ, ಇದರೊಳಗೆ ಜೀವ ಮಿಸುಕುತ್ತಿದೆ. ಇದೊಂದನ್ನು ಬಿಡಪ್ಪಾ."

"ಇವತ್ತು ನಾನು ಹಸಿದಿದ್ದರೆ ಮುಂಗುಸಿ ಇವತ್ತೇ ಬರುತ್ತದೆ," ಎಂದು ನಾಯಿ ಅದನ್ನೂ ತಿಂದು ಬಾಯಿ ನೆಕ್ಕಿಕೊಂಡಿತು. "ನೋಡಕ್ಕಾ, ಮುಂಗುಸಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ."