ಟಿಕೆಟ್ ಲೈಬ್ರರಿಯ ಮೌನ

ಬಸ್ ಟಿಕೆಟ್ ಕೊಡುವ ಜಾವಾ ಪ್ರೋಗ್ರಾಂ ಒಂದಿತ್ತು. ಅದಕ್ಕೆ ಬೇಕಾದ ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡಿನ ಕಟ್ಟುಗಳನ್ನು, ಒಟ್ಟಿಗೆ ಜೋಡಿಸುವ ಕೆಲಸ ಬಿಲ್ಡ್ ಟೂಲಿನದು. ಒಂದು ದಿನ ಪ್ರೋಗ್ರಾಮರ್ ಗದರಿದ: "ಬೇಡದ ಲೈಬ್ರರಿಗಳನ್ನೆಲ್ಲ ಕಿತ್ತುಹಾಕು. ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆ ಟೂಲ್ ತರುತ್ತೇನೆ."

ಬಿಲ್ಡ್ ಟೂಲ್ ಲೈಬ್ರರಿಗಳನ್ನು ಸಾಲಾಗಿ ನಿಲ್ಲಿಸಿತು. ಹಳೆಯ ಕ್ಯಾಲೆಂಡರ್ ಲೈಬ್ರರಿಯನ್ನು ತೋರಿಸಿ, "ಇದು ಯಾರಿಗೆ ಬೇಕು?" ಎಂದು ಕೇಳಿತು.

ಕ್ಯಾಲೆಂಡರ್, ಸಾಲಿನಲ್ಲಿದ್ದ ಟಿಕೆಟ್ ಬರೆಯುವ ಲೈಬ್ರರಿಯ ಕಡೆ ನೋಡಿತು. ತಾರೀಖು ಹಾಕಲು ಕ್ಯಾಲೆಂಡರನ್ನು ಕರೆಯುತ್ತಿದ್ದುದು ಆ ಟಿಕೆಟ್ ಲೈಬ್ರರಿ ಒಂದೇ, ಅದೂ ಪ್ರೋಗ್ರಾಂ ಓಡುವಾಗ ಮಾತ್ರ. ಜೋಡಿಸುವಾಗ ಆ ನಂಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಾಯಿಬಿಟ್ಟರೆ ಹಳೆಯದರ ನಂಟಿಗಾಗಿ ತನ್ನನ್ನೂ ಜೊತೆಗೇ ಎಸೆದಾರೆಂದು ಟಿಕೆಟ್ ಹೆದರಿತು.

"ಟಿಕೆಟಣ್ಣಾ, ಒಂದು ಮಾತು ಹೇಳು," ಎಂದು ಕ್ಯಾಲೆಂಡರ್ ಅಂಗಲಾಚಿತು.

"ನೀನು ಯಾರೋ ನನಗೆ ಗೊತ್ತಿಲ್ಲ," ಎಂದಿತು ಟಿಕೆಟ್.

ಕ್ಯಾಲೆಂಡರನ್ನು ಹೊರಗೆ ಹಾಕಲಾಯಿತು. ಜೋಡಣೆ ಸಲೀಸಾಗಿ ಮುಗಿಯಿತು. ಉಳಿದ ಲೈಬ್ರರಿಗಳು ನೆಮ್ಮದಿಯ ಉಸಿರು ಬಿಟ್ಟವು.

ಬೆಳಿಗ್ಗೆ ಮೊದಲ ಪ್ರಯಾಣಿಕ ಬಂದು ಟಿಕೆಟ್ ಕೇಳಿದ. ಟಿಕೆಟ್ ಲೈಬ್ರರಿ ಎಂದಿನಂತೆ ಕ್ಯಾಲೆಂಡರನ್ನು ಕೂಗಿತು. ಉತ್ತರ ಬರಲಿಲ್ಲ. ಇಡೀ ಪ್ರೋಗ್ರಾಂ ಕುಸಿದುಬಿತ್ತು.

ಪರದೆಯ ಮೇಲೆ ಮೂಡಿದ ದೋಷದ ಸಾಲಿನಲ್ಲಿ ಒಂದೇ ಹೆಸರಿತ್ತು: ಕ್ಯಾಲೆಂಡರ್.

"ಹಾಳಾದ್ದು, ಹೋಗುವಾಗಲೂ ಏನೋ ಕೆಡಿಸಿಯೇ ಹೋಗಿದೆ," ಎಂದು ಪ್ರೋಗ್ರಾಮರ್ ಬೈದ.

ಒಳಗಿದ್ದ ಯಾರೂ ಉಸಿರೆತ್ತಲಿಲ್ಲ.