ಕೆಂಚೀರ ಪಾಯಸ ತೆಳ್ಳಗೆ ಮಾಡಿದ್ದು

ಮಂಚಮ್ಮನಿಗೆ ಒಬ್ಬನೇ ಮಗ, ಕೆಂಚೀರ. ಮೂವತ್ತು ತುಂಬಿದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅವಳಿಗೆ ಅದೇ ಚಿಂತೆ.

ಒಂದು ದಿನ ಮನೆಗೆ ಮುದಿ ಹೋತದ ಬಾಡು ಬಂತು. "ಬಾಡಿಗೆ ಪರಂಗಿಕಾಯಿ ಜಜ್ಜಿ ಹಾಕ್ಲಾ, ಮೆತ್ತಗಾಯ್ತದೆ" ಅಂತ ಹೇಳಿ ಮಂಚಮ್ಮ ಹೊಲಕ್ಕೆ ಹೋದಳು. ಕೆಂಚೀರ ಕಾಯಿ ಜಜ್ಜಿ, ಬಾಡು ಕುದಿಯೋ ಸಾರಿಗೆ ಹಾಕಿದ. ಬಾಡು ಚಕ್ಕಳದ ಹಾಗೇ ಉಳಿಯಿತು.

"ಕುದಿಯೋದಕ್ಕೆ ಹಾಕ್ತಾರೇನ್ಲಾ? ಹಸಿ ಬಾಡಿಗೆ ಸವರಿ ಬಿಡಬೇಕು. ಬಿಸಿಗೆ ಅದರ ಸತ್ವ ಸತ್ತೋಯ್ತದೆ. ಇನ್ಮೇಲೆ ಬಿಸಿ ಸೋಕಿಸ್ಬೇಡ."

"ಸರಿ ಕಣವ್ವ. ಬಾಡಿನೊಳಗೆ ಅದೇನು ಮಾಡ್ತದೆ?"

"ಗಟ್ಟಿ ನಾರನ್ನ ಕತ್ತರಿಸ್ತದೆ. ಹೋಗ್ಲಾ."

ಮಾರನೇ ದಿನ ಹಾಲಿಗೆ ಹೆಪ್ಪು ಹಾಕು ಅಂದಳು. ಬಿಸಿ ಸೋಕಿಸಬಾರದಲ್ಲ? ಕೆಂಚೀರ ಹೆಪ್ಪು ಹಾಕಿ, ಚೆಂಬನ್ನು ಬಾವಿ ನೀರಿಗೆ ಇಳಿಬಿಟ್ಟ. ಬೆಳಗ್ಗೆಯೂ ಹಾಲು ಹಾಲೇ.

"ಸುಡಲೂಬಾರದು, ತಣ್ಣಗೂ ಇರಬಾರದು ಕಣ್ಲಾ. ನಮ್ಮ ಮೈಯಷ್ಟು ಬೆಚ್ಚಗಿರಬೇಕು. ಅಲ್ಲಾಡಿಸದೆ ಬಿಡಬೇಕು."

ಆ ವಾರ ಕೆಂಚೀರನ ಅಜ್ಜಿ ಹಾಸಿಗೆ ಹಿಡಿದಳು. ಗಟ್ಟಿ ಗಂಜಿ ಗಂಟಲಲ್ಲಿ ಇಳಿಯದು, ನೀರು ಗಂಜಿ ಕುಡಿದರೆ ತ್ರಾಣ ಬಾರದು. ಮಂಚಮ್ಮ ರಾಗಿ ನೆನೆಸಿ ಬಟ್ಟೆಯಲ್ಲಿ ಗಂಟು ಕಟ್ಟಿ, "ಮೊಳಕೆ ಬರಿಸು" ಅಂದಳು. ಕೆಂಚೀರ ಗಂಟನ್ನು ಹೊಟ್ಟೆಗೆ ಬಿಗಿದು, ಕಂಬಳಿ ಹೊದ್ದು, ಎರಡು ದಿನ ಅಲ್ಲಾಡದೆ ಮಲಗಿದ. ಮೊಳಕೆ ಬಂದೇ ಬಂತು. ಬೈಯಲು ಬಂದ ಮಂಚಮ್ಮ ಗಂಟು ಬಿಚ್ಚಿ ಮೊಳಕೆ ಎತ್ತಿಕೊಂಡಳು.

ಮೊಳಕೆ ಒಣಗಿಸಿ, ಬೀಸಿ, ಆರಿದ ಗಟ್ಟಿ ಗಂಜಿಗೆ ಒಂದು ಚಿಟಿಕೆ ಹಿಟ್ಟು ಕಲಸಿದಳು. ನೋಡುತ್ತಾ ನೋಡುತ್ತಾ ಗಂಜಿ ತೆಳ್ಳಗಾಯಿತು. ನಾಲ್ಕು ದಿನದಿಂದ ಸರಿಯಾಗಿ ಉಣ್ಣದಿದ್ದ ಅಜ್ಜಿ ಬಟ್ಟಲು ತುಂಬ ಕುಡಿದಳು.

ಕೆಂಚೀರ ಗಂಜಿಯೊಳಗೆ ಬಗ್ಗಿ ನೋಡಿದ. "ನೀರು ಹಾಕದೆ ಹೆಂಗವ್ವ? ಆ ಚಿಟಿಕೆಯಲ್ಲಿ ಯಾರವ್ರೆ?"

"ನಿನ್ನ ಎಂಜಲಲ್ಲೂ ಅಂಥದೇ ಒಂದದೆ. ಅನ್ನ ಅಗಿದು ಅಗಿದು ನೋಡು, ಕರಗಿ ಸಿಹಿಯಾಯ್ತದೆ."

ಕೆಂಚೀರ ಮೂರು ದಿನ ಅಗಿದು ನೋಡಿದ. ನಿಜವೇ.

ಅಜ್ಜಿ ಎದ್ದು ಓಡಾಡಿದಳು. ನೋಡಲು ಬಂದ ನೆಂಟರಿಗೆ ಮಂಚಮ್ಮ ಅಕ್ಕಿ ಪಾಯಸ ಮಾಡಿದಳು. ಆರಿ ಗಟ್ಟಿಯಾಯಿತು. "ಒಸಿ ತೆಳ್ಳಗೆ ಮಾಡ್ಲಾ" ಅಂತ ಕೆಂಚೀರನಿಗೆ ಹೇಳಿ ಬಾಳೆಎಲೆ ಕೊಯ್ಯಲು ಹಿತ್ತಲಿಗೆ ಹೋದಳು. ಮೊಳಕೆ ರಾಗಿಹಿಟ್ಟಿನ ಡಬ್ಬ ಖಾಲಿಯಾಗಿತ್ತು.

ತಿರುಗಿ ಬಂದರೆ, ನೆಂಟರೆಲ್ಲ ಪಾಯಸದ ಹಂಡೆ ಮುಂದೆ ಸಾಲಾಗಿ ನಿಂತಿದ್ದಾರೆ.

"ಒಬ್ಬೊಬ್ಬರೂ ಒಂದೊಂದು ಸಲ ಉಗೀರಿ" ಅನ್ನುತ್ತಿದ್ದ ಕೆಂಚೀರ. "ಹಂಡೆ ದೊಡ್ಡದು, ನಂದೊಂದೇ ಸಾಲ್ದು."

ಸಾಲಿನ ಮುಂದಿದ್ದ ಸೋದರಮಾವ ಆಗಲೇ ಬಾಯಿ ಒರೆಸಿಕೊಳ್ಳುತ್ತಿದ್ದ.